ಹದಿನೆಂಟು ಸಾವಿರದ ಕುರ್ಚಿ, ಎರಡು ತಿಂಗಳ ಕೂಸು

ಕಳೆದ ತಿಂಗಳು ಒಂದು ರಾತ್ರಿ ಮದ್ರಸ ಮುಗಿಸಿ ಬಂದು ಊಟಕ್ಕೆ ಕೂತಿದ್ದೆ. ಮೊಬೈಲ್ ಟಿಂಗ್ ಅಂತು. ದಮ್ಮಾಮಿನಲ್ಲಿ ಕೆಲಸಕ್ಕಿರುವ ಅಳಿಯ ಒಂದು ಫೋಟೊ ಕಳಿಸಿದ್ದ. ಬಾಗಿದ ಕಂಬಿ, ಅದರ ಮೇಲೆ ಬಿಗಿದ ಬೂದು ಬಣ್ಣದ ಬಟ್ಟೆ, ಅದರಲ್ಲಿ ಒರಗಿಕೊಂಡು ನಗುತ್ತಿರುವ ಒಂದು ಬಿಳಿ ಕೂಸು. ಕೆಳಗೆ ಬೆಲೆ: ಹದಿನೆಂಟು ಸಾವಿರ ಚಿಲ್ಲರೆ. ಜೊತೆಗೆ ಒಂದು ಸಾಲು: "ಮಗುವಿಗೆ ಇದು ತಗೊಳ್ಳುವಾ? ಹಣ ನಾನು ಹಾಕ್ತೇನೆ."

ಇದಕ್ಕೆ ಬೇಬಿ ಬೌನ್ಸರ್ ಅಂತಾರೆ. ಮಗು ಕೈಕಾಲು ಆಡಿಸಿದರೆ ಕುರ್ಚಿ ತಾನೇ ಮೆಲ್ಲಗೆ ಮೇಲೆ ಕೆಳಗೆ ಆಡುತ್ತದೆ. ಅಷ್ಟೇ. ನನ್ನ ಮನಸ್ಸಿಗೆ ಮೊದಲು ಬಂದದ್ದು, "ನಮ್ಮ ಉಮ್ಮ ಆರು ಮಕ್ಕಳನ್ನು ಹಳೇ ಸೀರೆಯ ಜೋಲಿಯಲ್ಲಿ ಸಾಕಿದ್ರು, ಇದೆಲ್ಲ ಯಾಕೆ?" ಎಂಬ ಮಾತು. ಹಾಗಂತ ಬರೆಯಲು ಹೊರಟಿದ್ದೆ. ನನ್ನ ಹೆಂಡತಿ ತಡೆದಳು. "ನಿಮ್ಮ ಉಮ್ಮನ ಮನೆಯಲ್ಲಿ ಎಷ್ಟು ಜನ ಇದ್ರು? ಈಗ ಈ ಮನೆಯಲ್ಲಿ ಎಷ್ಟು ಜನ? ಸುಮ್ಮನೆ ಬೇಡ ಅನ್ಬೇಡಿ. ಒಂದಿಷ್ಟು ವಿಚಾರಿಸಿ ಹೇಳಿ."

ಮಾತು ಸರಿಯಾಗಿತ್ತು. ಮಗಳು ಹೆರಿಗೆಗೆ ಅರಕಲಗೂಡಿನ ನಮ್ಮ ಮನೆಗೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ. ನಾನು ಬೆಳಿಗ್ಗೆ, ಸಂಜೆ ಮದ್ರಸದಲ್ಲಿ. ಹೆಂಡತಿಗೆ ಮಂಡಿನೋವು. ಹಾಗಾಗಿ ವಿಚಾರಿಸಿಯೇ ಬಿಡೋಣ ಅಂತ ಹೊರಟೆ. ಈ ಪ್ರಶ್ನೆ ನನ್ನ ಮನೆಯದ್ದು ಮಾತ್ರ ಅಲ್ಲ, ಮೂರು ಮನೆಗೊಂದು ಗಲ್ಫ್ ನಂಟು ಇರುವ ನಮ್ಮ ಬ್ಯಾರಿಗಳ ಮಧ್ಯೆ ಈಗ ಎಲ್ಲ ಕಡೆ ಎದ್ದಿರುವ ಪ್ರಶ್ನೆ. ಅದಕ್ಕೇ ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಚನ್ನರಾಯಪಟ್ಟಣದ ಅಟ್ಟದ ಮೇಲೆ

ಮೊದಲು ಹೋದದ್ದು ಚನ್ನರಾಯಪಟ್ಟಣಕ್ಕೆ, ಮಗಳ ಗಂಡನ ಮನೆಗೆ. ಅಲ್ಲಿ ದೊಡ್ಡ ಮಗನ ಕೂಸಿಗೆ ಮೂರು ವರ್ಷದ ಹಿಂದೆ ದುಬೈಯಿಂದ ಒಂದು ಕರೆಂಟಿನ ಉಯ್ಯಾಲೆ ಬಂದಿತ್ತು ಅಂತ ಕೇಳಿದ್ದೆ. "ಎಲ್ಲಿದೆ?" ಅಂದೆ. ಬೀಗಿತ್ತಿ ನಕ್ಕು ಅಟ್ಟದ ಕಡೆ ಕೈ ತೋರಿಸಿದರು. ತೆಂಗಿನಕಾಯಿ ಚೀಲಗಳ ಹಿಂದೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದರು.

"ಒಂದು ತಿಂಗಳು ತೂಗಿತು. ಆಮೇಲೆ ಅದರಲ್ಲಿ ಹಾಕಿದ್ರೆ ಸಾಕು, ಅಳು. ಎತ್ತಿಕೊಂಡ್ರೆ ಸುಮ್ಮನೆ. ಎತ್ತಿಕೊಳ್ಳೋಕೆ ಇಲ್ಲಿ ಜನಕ್ಕೇನು ಬರ್ವಾ?" ಅಂದರು.

ನಿಜ. ಆ ಮನೆಯಲ್ಲಿ ಅಜ್ಜಿ ಇದ್ದಾರೆ, ಇಬ್ಬರು ಸೊಸೆಯರು, ಮದುವೆಯಾಗದ ನಾದಿನಿ, ಶಾಲೆಯಿಂದ ಬಂದ ಕೂಡಲೇ ಮಗುವಿಗಾಗಿ ಜಗಳವಾಡುವ ಮಕ್ಕಳು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದರಲ್ಲೇ ಆ ಕೂಸಿನ ಹಗಲು ಮುಗಿಯುತ್ತಿತ್ತು. ಅಲ್ಲಿ ಯಂತ್ರಕ್ಕೆ ಕೆಲಸವೇ ಇರಲಿಲ್ಲ.

ಹೊಳೆನರಸೀಪುರದ ಬಾತ್‌ರೂಮ್ ಬಾಗಿಲಲ್ಲಿ

ಎರಡನೆಯದು ಹೊಳೆನರಸೀಪುರ. ಅಲ್ಲಿ ನನ್ನ ಹೆಂಡತಿಯ ಅಕ್ಕನ ಮಗಳು ಬಾಡಿಗೆ ಮನೆಯಲ್ಲಿದ್ದಾಳೆ. ಗಂಡ ತರಕಾರಿ ವ್ಯಾಪಾರಿ, ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟರೆ ಮಧ್ಯಾಹ್ನವೇ ಬರುವುದು. ಅವಳದ್ದು ಸಿಸೇರಿಯನ್ ಹೆರಿಗೆ. ನಲವತ್ತು ದಿನ ಅಮ್ಮ ಬಂದು ನಿಂತಿದ್ದರು, ಆಮೇಲೆ ಒಬ್ಬಳೇ. ಅವಳು ಎರಡು ಸಾವಿರದ ನೂರು ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಸಾದಾ ಬೌನ್ಸರ್ ತರಿಸಿಕೊಂಡಿದ್ದಳು.

"ಚಿಕ್ಕಪ್ಪ, ಇದು ಇಲ್ದಿದ್ರೆ ನಾನು ಸ್ನಾನಾನೇ ಮಾಡ್ತಿರ್ಲಿಲ್ಲ" ಅಂದಳು. "ಬಾತ್‌ರೂಮ್ ಬಾಗಿಲು ಅರ್ಧ ತೆರೆದು, ಎದುರಿಗೆ ನೆಲದ ಮೇಲೆ ಇದನ್ನಿಟ್ಟು, ಮಗುವಿಗೆ ಮಾತಾಡಿಸ್ತಾ ಸ್ನಾನ ಮಾಡ್ತಿದ್ದೆ. ಒಲೆ ಮುಂದೆ ನಿಂತಾಗ ಅಡುಗೆಮನೆ ಬಾಗಿಲಲ್ಲಿ. ಇಪ್ಪತ್ತು ನಿಮಿಷ. ಅಷ್ಟು ಸಿಕ್ರೆ ಸಾಕಿತ್ತು."

ಈ ಮಾತು ನನಗೆ ತಟ್ಟಿತು. ಗಂಡಸರು ನಾವು ಕುರ್ಚಿಯ ಬೆಲೆ ನೋಡುತ್ತೇವೆ. ಒಬ್ಬಂಟಿ ಬಾಣಂತಿಗೆ ಆ ಇಪ್ಪತ್ತು ನಿಮಿಷದ ಬೆಲೆ ಎಷ್ಟು ಅಂತ ಕೇಳಿ ನೋಡಿದವರು ನಮ್ಮಲ್ಲಿ ಎಷ್ಟು ಜನ? ಹೊಲಿಗೆ ಎಳೆಯುವ ಹೊಟ್ಟೆ ಇಟ್ಟುಕೊಂಡು, ಮಗುವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಗಂಜಿ ತಿರುವುವವಳಿಗೆ "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಅನ್ನುವುದು ಸುಲಭ. ನಮ್ಮ ಕಾಲದಲ್ಲಿ ಮನೆ ತುಂಬ ಜನ ಇದ್ದರು ಎಂಬುದನ್ನು ಮಾತ್ರ ನಾವು ಸೇರಿಸುವುದಿಲ್ಲ.

ಅಂದರೆ ಈ ಕುರ್ಚಿ ಕೊಡುವುದು ಒಂದನ್ನೇ: ತಾಯಿಯ ಎರಡು ಕೈಗಳಿಗೆ ಸ್ವಲ್ಪ ಹೊತ್ತಿನ ಬಿಡುವು. ಜಾಹೀರಾತಿನಲ್ಲಿ ಮಗುವಿನ ಬುದ್ಧಿ ಬೆಳೆಯುತ್ತದೆ, ಕಾಲು ಗಟ್ಟಿಯಾಗುತ್ತದೆ ಅಂತೆಲ್ಲ ಇರುತ್ತದೆ. ಅದಕ್ಕಾಗಿ ಯಾರೂ ದುಡ್ಡು ಹಾಕಬೇಕಾಗಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದರೆ ಕೂಸು ಅದಕ್ಕಿಂತ ಚೆನ್ನಾಗಿ ಕೈಕಾಲು ಬಡಿಯುತ್ತದೆ.

ಹಾಸನದ ಡಾಕ್ಟರು ಹೇಳಿದ ಮಾತು

ಮೊಮ್ಮಗಳಿಗೆ ಮೂಗು ಕಟ್ಟಿತ್ತು ಅಂತ ಹಾಸನಕ್ಕೆ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಈ ಪ್ರಶ್ನೆಯನ್ನೂ ಕೇಳಿದೆ. ಅವರು ಬೆಲೆ ಕೇಳಲಿಲ್ಲ. "ಅದರಲ್ಲಿ ಮಲಗಿಸ್ತೀರಾ, ಕೂರಿಸ್ತೀರಾ?" ಅಂತ ಕೇಳಿದರು. ಎರಡಕ್ಕೂ ಏನು ವ್ಯತ್ಯಾಸ ಅಂತ ನನಗೆ ಗೊತ್ತಿರಲಿಲ್ಲ. ಅವರು ತಿಳಿಸಿ ಹೇಳಿದರು.

ಹಸುಗೂಸಿನ ತಲೆ ಅದರ ಮೈಗೆ ಹೋಲಿಸಿದರೆ ಭಾರ. ಕುತ್ತಿಗೆಗೆ ಬಲ ಇಲ್ಲ. ಇಳಿಜಾರಾಗಿ ಕೂರಿಸಿದ ಮಗು ನಿದ್ದೆಗೆ ಜಾರಿದರೆ ತಲೆ ಮುಂದಕ್ಕೆ ವಾಲಿ, ಗದ್ದ ಎದೆಗೆ ತಾಗುತ್ತದೆ. ಅದರ ಉಸಿರ ಕೊಳವೆ ಸಣ್ಣದು, ಮೆತ್ತಗಿನದು. ಬಾಗಿದ ಪೈಪಿನ ಹಾಗೆ ಗಾಳಿ ಹೋಗುವ ದಾರಿ ಕಟ್ಟಬಹುದು. ದೊಡ್ಡವರಾದರೆ ಎಚ್ಚರಾಗಿ ತಲೆ ಎತ್ತುತ್ತಾರೆ. ಕೂಸಿಗೆ ಆ ಶಕ್ತಿ ಇಲ್ಲ. ಅಳುವ ಸದ್ದೂ ಬರುವುದಿಲ್ಲ. ನೋಡಿದವರಿಗೆ "ಎಷ್ಟು ಚೆನ್ನಾಗಿ ಮಲಗಿದೆ" ಅನಿಸುತ್ತದೆ.

ಇದು ಹೆದರಿಸಲು ಹೇಳುವ ಕಥೆ ಅಲ್ಲ. ಅಮೆರಿಕದಲ್ಲಿ 2019ರ ಏಪ್ರಿಲ್‌ನಲ್ಲಿ ಫಿಶರ್ ಪ್ರೈಸ್ ಎಂಬ ದೊಡ್ಡ ಕಂಪನಿ ತನ್ನ 'ರಾಕ್ ಎನ್ ಪ್ಲೇ' ಎಂಬ ಇಳಿಜಾರು ತೊಟ್ಟಿಲುಗಳನ್ನು, ಸುಮಾರು 47 ಲಕ್ಷ, ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಂಡಿತು. ಆ ಹೊತ್ತಿಗೆ ಅದರಲ್ಲಿ ಮಲಗಿದ್ದ 30ಕ್ಕೂ ಹೆಚ್ಚು ಶಿಶುಗಳು ತೀರಿಕೊಂಡಿದ್ದವು. 2022ರ ಮೇ ತಿಂಗಳಲ್ಲಿ ಅಲ್ಲಿ ಕಾನೂನೇ ಬಂತು: 10 ಡಿಗ್ರಿಗಿಂತ ಹೆಚ್ಚು ಇಳಿಜಾರು ಇರುವ, ಶಿಶುಗಳನ್ನು ಮಲಗಿಸುವ ಸಾಧನ ಮಾರುವ ಹಾಗಿಲ್ಲ. ಅದರ ಮುಂದಿನ ತಿಂಗಳೇ ಅಲ್ಲಿನ ಸರ್ಕಾರಿ ಸುರಕ್ಷತಾ ಆಯೋಗ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಅದೇ ಕಂಪನಿಯ ತೂಗುಕುರ್ಚಿಗಳಲ್ಲಿ 2009ರಿಂದ 2021ರ ಮಧ್ಯೆ ಕನಿಷ್ಠ 13 ಸಾವು ವರದಿಯಾಗಿವೆ, ಅವುಗಳಲ್ಲಿ ಮಕ್ಕಳನ್ನು ಮಲಗಿಸಬೇಡಿ ಅಂತ.

ಗಮನಿಸಿ, ಇವು ಅಗ್ಗದ ನಕಲಿ ಮಾಲಲ್ಲ, ಹೆಸರುವಾಸಿ ಕಂಪನಿಯದ್ದು. ಎರಡು ಸಾವಿರದ್ದಾಗಲಿ, ಇಪ್ಪತ್ತು ಸಾವಿರದ್ದಾಗಲಿ, ಕುರ್ಚಿ ಹಾಸಿಗೆಯಾಗುವುದಿಲ್ಲ. ಕಣ್ಣು ಮುಚ್ಚಿತು ಅಂದರೆ ಎತ್ತಿ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ಅಂಗಾತ ಮಲಗಿಸಬೇಕು. ದಿಂಬು, ಗೊಂಬೆ, ದಪ್ಪ ಹೊದಿಕೆ ಯಾವುದೂ ಪಕ್ಕದಲ್ಲಿ ಬೇಡ. ಎತ್ತಿದರೆ ಎಚ್ಚರ ಆಗುತ್ತೆ ಅಂತ ಬಿಡಬಾರದು.

ನಮ್ಮ ಸೀರೆ ಜೋಲಿಗೂ ಈ ಮಾತು ಅನ್ವಯಿಸುತ್ತೆ ಅಂದರು ಡಾಕ್ಟರು. ಜೋಲಿಯ ನಡು ಬಾಗಿರುತ್ತದೆ, ಗದ್ದ ಎದೆಗೆ ತಾಗುತ್ತದೆ, ಬಟ್ಟೆ ಮುಖಕ್ಕೆ ಬರುತ್ತದೆ. ಸ್ವಲ್ಪ ದೊಡ್ಡ ಮಕ್ಕಳು ಅದರಲ್ಲಿ ಆಡಲು ಹೋಗಿ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವೂ ಇದೆ. ಹಳೆಯದು ಅಂದ ಮಾತ್ರಕ್ಕೆ ಕ್ಷೇಮ ಅಂತೇನಿಲ್ಲ. ನನ್ನ "ಉಮ್ಮನ ಜೋಲಿ" ವಾದ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಒಂದು ವರ್ಷದೊಳಗಿನ ಮಗುವನ್ನು ಯಾವುದರಲ್ಲೇ ಆಗಲಿ ಒಂದೇ ಸಮನೆ 1 ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದು. ಇನ್ನೂ ಅಂಬೆಗಾಲಿಡದ ಕೂಸನ್ನು, ಎಚ್ಚರವಿದ್ದಾಗ, ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಹಾಕಿ ಆಡಿಸಬೇಕು. ಯಾವಾಗಲೂ ಒರಗಿಯೇ ಇದ್ದರೆ ತಲೆಯ ಹಿಂಭಾಗ ಚಪ್ಪಟೆಯಾಗುತ್ತದೆ, ಕುತ್ತಿಗೆ ಗಟ್ಟಿಯಾಗುವುದು ತಡವಾಗುತ್ತದೆ. ಹಾಗಾಗಿ ಕುರ್ಚಿಯ ಹೊತ್ತು ಇಪ್ಪತ್ತು ನಿಮಿಷದಲ್ಲೇ ಮುಗಿದರೆ ಒಳ್ಳೆಯದು.

ಲೆಕ್ಕ ಹಾಕಿ ನೋಡಿದೆ

ಈಗ ದುಡ್ಡಿನ ಮಾತು. ಪೇಟೆಯಲ್ಲಿ ಮೂರು ಬಗೆ ಇದೆ. ಮೊದಲನೆಯದು ಬ್ಯಾಟರಿ ಇಲ್ಲದ ಸಾದಾ ಬೌನ್ಸರ್. ಎರಡನೆಯದು ಬ್ಯಾಟರಿಯಿಂದ ನಡುಗುವ, ಹಾಡು ಹಾಡುವ ರಾಕರ್. ಇವೆರಡೂ ನಮ್ಮ ದೇಶದ ಕಂಪನಿಗಳದ್ದಾದರೆ ಎರಡರಿಂದ ನಾಲ್ಕು ಸಾವಿರದ ಆಸುಪಾಸು. ಮೂರನೆಯದು ಕರೆಂಟಿನ ಉಯ್ಯಾಲೆ. ಅದೂ, ವಿದೇಶಿ ಹೆಸರಿನ ಬೌನ್ಸರುಗಳೂ ಎಲ್ಲಿಗೋ ಹೋಗಿ ನಿಲ್ಲುತ್ತವೆ.

ಅಳಿಯ ಕಳಿಸಿದ್ದು ಸ್ವೀಡನ್ ಮಾದರಿಯದ್ದು. ಆ ದೇಶದ ಬೇಬಿಬ್ಯೋರ್ನ್ ಎಂಬ ಕಂಪನಿ 1961ರಲ್ಲಿ ಶುರುವಾದದ್ದೇ ಇಂಥ ಕುರ್ಚಿಯಿಂದ. ಒಳ್ಳೆ ಮಾಲು, ಇಲ್ಲ ಅನ್ನುವುದಿಲ್ಲ. ಮೋಟಾರಿಲ್ಲ, ಬಟ್ಟೆ ಬಿಚ್ಚಿ ಒಗೆಯಬಹುದು, ಮಡಚಿ ಮಂಚದ ಕೆಳಗೆ ಇಡಬಹುದು. ಆದರೆ ಅಂಥದ್ದನ್ನು ಬಳಸಲು ಮಗು ಕನಿಷ್ಠ 3.5 ಕೆ.ಜಿ. ತೂಗಬೇಕು. ನಮ್ಮ ಮೊಮ್ಮಗಳು ಹುಟ್ಟಿದಾಗ 2.7 ಕೆ.ಜಿ. ಹೆರಿಗೆಗೆ ಮುಂಚೆಯೇ ತಂದಿದ್ದರೆ ಒಂದು ತಿಂಗಳು ಡಬ್ಬದಲ್ಲೇ ಇರುತ್ತಿತ್ತು. ಇನ್ನೊಂದು ಕಡೆ, ಮಗು ತಾನಾಗಿ ಎದ್ದು ಕೂರಲು ಶುರು ಮಾಡಿದ ದಿನ ಬೌನ್ಸರ್ ಕೆಲಸ ಮುಗಿಯಿತು. ಮುಂದಕ್ಕೆ ಬಗ್ಗಿದರೆ ಕುರ್ಚಿ ಸಮೇತ ಮಗುಚಬಹುದು. ಅದು ಹೆಚ್ಚುಕಡಿಮೆ ಆರು ತಿಂಗಳಿಗೆ.

ನಮ್ಮ ಕೂಸಿಗೆ ಎರಡು ತಿಂಗಳು. ಉಳಿದದ್ದು ನಾಲ್ಕು ತಿಂಗಳು, ಅಂದರೆ 120 ದಿನ. ಹದಿನೆಂಟು ಸಾವಿರವನ್ನು ಅದರಿಂದ ಭಾಗಿಸಿದರೆ ದಿನಕ್ಕೆ 150 ರೂಪಾಯಿ. ದಿನಕ್ಕೆ ಎರಡು ಸಲ, ಇಪ್ಪತ್ತಿಪ್ಪತ್ತು ನಿಮಿಷದ ಬಿಡುವಿಗೆ ಅಷ್ಟು. ಹೊಳೆನರಸೀಪುರದ ಕುರ್ಚಿಗೆ ಇದೇ ಲೆಕ್ಕದಲ್ಲಿ ದಿನಕ್ಕೆ ಹದಿನೇಳೂವರೆ ರೂಪಾಯಿ. ಬಿಡುವು ಎರಡರಲ್ಲೂ ಒಂದೇ. ಎರಡನೆಯದರಲ್ಲಿ ಬಟ್ಟೆ ಸ್ವಲ್ಪ ಒರಟು, ಅಷ್ಟೇ ವ್ಯತ್ಯಾಸ.

ದುಬಾರಿಯದ್ದು ಯಾರಿಗೂ ಬೇಡ ಅಂತ ನಾನು ಹೇಳುವುದಿಲ್ಲ. ಒಂದೇ ಮನೆಯಲ್ಲಿ ಸಾಲಾಗಿ ಮೂರು ನಾಲ್ಕು ಕೂಸುಗಳು ಬರುವುದಿದ್ದರೆ ಗಟ್ಟಿ ಮಾಲು ದಕ್ಕುತ್ತದೆ. ಬೆಂಗಳೂರಿನಲ್ಲಾದರೆ ಬಳಸಿದ್ದನ್ನು ಮಾರಬಹುದು. ಅರಕಲಗೂಡಿನಲ್ಲಿ ಯಾರಿಗೆ ಮಾರುವುದು? ಅಟ್ಟವೇ ಗತಿ.

ನನ್ನದೇ ಒಂದು ತಪ್ಪು

ಹೊಳೆನರಸೀಪುರದ ಮಗು ಈಗ ಎದ್ದು ಕೂರುತ್ತದೆ. ಅವಳ ಕುರ್ಚಿ ಖಾಲಿಯಾಗಿತ್ತು. "ತಗೊಂಡು ಹೋಗಿ ಚಿಕ್ಕಪ್ಪ, ಒಂದು ವಾರ ನೋಡಿ" ಅಂದಳು. ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ.

ಮೊದಲ ದಿನವೇ ಎಡವಟ್ಟು ಮಾಡಿದೆ. ನೆಲ ತಣ್ಣಗಿದೆ, ಮಗುವಿಗೆ ಶೀತ ಬೇರೆ, ಅಂತ ಕುರ್ಚಿಯನ್ನು ಮಂಚದ ಮೇಲಿಟ್ಟು ಕೂರಿಸಿದೆ. ಬೆಲ್ಟು ಹಾಕಿದ್ದೆ, ಪಕ್ಕದಲ್ಲೇ ಇದ್ದೆ. ಯಾರೋ ಬಾಗಿಲಿಗೆ ಬಂದರು ಅಂತ ಎರಡು ಹೆಜ್ಜೆ ಇಟ್ಟೆ. ಕೂಸು ಖುಷಿಯಲ್ಲಿ ಕಾಲು ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಕುರ್ಚಿ ಹಾಸಿಗೆಯ ಮೇಲೆ ಬೆರಳಷ್ಟು ಜರುಗುತ್ತಿತ್ತು. ಹೆಂಡತಿ ಕಿರುಚಿ ಹಿಡಿದುಕೊಳ್ಳುವ ಹೊತ್ತಿಗೆ ಹಿಂದಿನ ಕಾಲು ಮಂಚದ ಅಂಚು ದಾಟಿತ್ತು. ಅಲ್ಲಾಹನ ದಯೆ, ಏನೂ ಆಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಕುರ್ಚಿಯ ತಳದಲ್ಲಿ ಅಂಟಿಸಿದ್ದ ಚೀಟಿ ಓದಿದೆ. ಮೇಜು, ಮಂಚ, ಸೋಫಾ ಯಾವುದರ ಮೇಲೂ ಇಡಬೇಡಿ, ನೆಲದ ಮೇಲೆ ಮಾತ್ರ ಅಂತ ಅದರಲ್ಲೇ ಇತ್ತು. ಮಕ್ಕಳಿಗೆ ಓದು ಓದು ಅನ್ನುವ ನಾನೇ ಓದಿರಲಿಲ್ಲ. ಈಗ ನೆಲಕ್ಕೆ ಚಾಪೆ, ಅದರ ಮೇಲೆ ಕುರ್ಚಿ, ಎದುರಿಗೆ ಒಬ್ಬರು ಮನುಷ್ಯರು. ಬೆಲ್ಟು ಯಾವಾಗಲೂ ಕಟ್ಟಿಯೇ. ಮಗು ಅದರಲ್ಲಿರುವಾಗ ಕುರ್ಚಿ ಸಮೇತ ಎತ್ತಿಕೊಂಡು ಓಡಾಡುವುದೂ ಇಲ್ಲ.

ತವರಿನ ಪಟ್ಟಿಗೆ ಇನ್ನೊಂದು ಸಾಲು ಬೇಡ

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನಿಂದ ಏನೇನು ಹೋಗಬೇಕು ಅಂತ ನಮ್ಮಲ್ಲಿ ಬಾಯಿಮಾತಿನ ಒಂದು ಪಟ್ಟಿ ಇದೆ. ತೊಟ್ಟಿಲು, ಹಾಸಿಗೆ, ಮಗುವಿನ ಕುತ್ತಿಗೆಗೊಂದು, ಸೊಂಟಕ್ಕೊಂದು. ಈಗ ಅದಕ್ಕೆ ಬೌನ್ಸರ್ ಸೇರುತ್ತಿದೆ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಬ್ಬರ ಫೋಟೊ ಬಂದರೆ ಇನ್ನೊಬ್ಬರ ಮನೆಯಲ್ಲಿ ಮಾತು ಶುರು: "ಅವರ ತವರಿನವರು ಕೊಟ್ಟಿದ್ದಾರಂತೆ." ದಿನಗೂಲಿಯ ತಂದೆ ಏನು ಮಾಡಬೇಕು? ಸಂಘಕ್ಕೆ ಹೋಗಿ ಸಾಲ ಕೇಳಬೇಕಾ, ನಾಲ್ಕು ತಿಂಗಳ ಕುರ್ಚಿಗೆ?

ಕೆಲವು ವರ್ಷದ ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಮಡಿಲು ಕಿಟ್ ಕೊಡುತ್ತಿದ್ದದ್ದು ನೆನಪಿರಬಹುದು. ಮಗುವಿಗೆ ಹಾಸಿಗೆ, ರಬ್ಬರ್ ಶೀಟು, ಸ್ವೆಟರು, ಸೊಳ್ಳೆ ಪರದೆ, ತಾಯಿಗೆ ಸೋಪು, ಬಟ್ಟೆ. ಒಂದು ಕೂಸಿಗೆ ನಿಜವಾಗಿ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. ಜೊತೆಗೆ ಆಶಾ ಕಾರ್ಯಕರ್ತೆ ನಲವತ್ತೆರಡು ದಿನದೊಳಗೆ ಆರು ಸಲ ಮನೆಗೆ ಬರುತ್ತಾರೆ, ಆಸ್ಪತ್ರೆ ಹೆರಿಗೆಯಾದವರಿಗೆ. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ. ತೂಕ, ಮೈಬಿಸಿ, ಹಾಲುಣಿಸುವುದು, ಮಲಗಿಸುವುದು ಎಲ್ಲ ಅವರ ಹತ್ತಿರ ಕೇಳಿ. ಅದಕ್ಕೆ ಒಂದು ರೂಪಾಯಿಯೂ ಬೇಡ.

ಕುರ್ಚಿ ಬೇಕೇಬೇಕು ಅನ್ನುವ ಮನೆಗಳಿವೆ, ಹೊಳೆನರಸೀಪುರದಂಥವು. ಅವರಿಗೆ ನನ್ನ ಸಲಹೆ, ಮೊದಲು ನೆಂಟರಲ್ಲಿ, ಓಣಿಯಲ್ಲಿ ಕೇಳಿ. ಅಟ್ಟದ ಮೇಲೆ ಯಾರದ್ದೋ ಒಂದು ಇದ್ದೇ ಇರುತ್ತದೆ. ಹಳೆಯದನ್ನು ತರುವಾಗ ನಾಲ್ಕು ನೋಡಿ: ಬೆಲ್ಟಿನ ಬಕಲ್ ಗಟ್ಟಿಯಾಗಿ ಕೂರುತ್ತದಾ, ಬಟ್ಟೆ ಹೊಲಿಗೆ ಬಿಟ್ಟಿದೆಯಾ, ಕಂಬಿ ಬಾಗಿದೆಯಾ, ತಳದ ರಬ್ಬರ್ ಸವೆದಿದೆಯಾ. ಬ್ಯಾಟರಿ ಇದ್ದರೆ ಸೋರಿ ತುಕ್ಕು ಹಿಡಿದಿದೆಯಾ ಅಂತಲೂ. ಅಗ್ಗದ ಹೊಸತು ಕೊಳ್ಳುವವರಿಗೂ ಇದೇ. ತೂಕದ ಮಿತಿ ಬರೆದಿರದ ಮಾಲು ಬೇಡ. ಎದುರಿಗೆ ತೂಗಾಡುವ ಗೊಂಬೆಗಳನ್ನು ಜೋರಾಗಿ ಎಳೆದು ನೋಡಿ, ಕಿತ್ತು ಬರುವಂಥದ್ದಾದರೆ ಬಿಚ್ಚಿ ಎಸೆಯಿರಿ.

ಅಳಿಯನಿಗೆ ಏನು ಹೇಳಿದೆ

ಒಂದು ವಾರದ ನಂತರ ಅಳಿಯನಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬೇಜಾರಾಯ್ತೇನೋ ಅಂದುಕೊಂಡೆ. ಆಮೇಲೆ ಹೇಳಿದ: "ಹಾಗಲ್ಲ. ನಾನಿನ್ನೂ ಅವಳನ್ನು ಎತ್ತಿಕೊಂಡಿಲ್ಲ. ಇಲ್ಲಿಂದ ಏನಾದ್ರೂ ಒಂದು ಕಳಿಸಿದ್ರೆ, ಅದರಲ್ಲಿ ಅವಳು ಕೂತ್ರೆ, ನಾನು ಎತ್ತಿಕೊಂಡ ಹಾಗೆ ಅಂತ."

ನನಗೆ ಮಾತು ಹೊರಡಲಿಲ್ಲ. ಇಷ್ಟು ದಿನ ನಾನು ಲೆಕ್ಕ ಹಾಕಿದ್ದು ಕುರ್ಚಿಯದ್ದು. ಅವನು ಕೇಳುತ್ತಿದ್ದದ್ದು ಬೇರೆಯೇ. ಗಲ್ಫಿಗೆ ಮಕ್ಕಳನ್ನು ಕಳಿಸಿದ ಮನೆಗಳಿಗೆಲ್ಲ ಗೊತ್ತಿರುವ ವಿಷಯ ಇದು: ಅಲ್ಲಿಂದ ಬರುವ ಸಾಮಾನಿನ ಬೆಲೆಯಲ್ಲಿ ಬಾರದೇ ಹೋದ ದಿನಗಳ ಬೆಲೆಯೂ ಸೇರಿರುತ್ತದೆ.

ಕೊನೆಗೆ ಇಬ್ಬರೂ ಒಂದು ತೀರ್ಮಾನಕ್ಕೆ ಬಂದೆವು. ಹೊಳೆನರಸೀಪುರದ ಕುರ್ಚಿಯೇ ಇರಲಿ. ಮಂಡಿನೋವಿನ ಹೆಂಡತಿಗೂ, ಮಗಳಿಗೂ ಅದರಿಂದ ಉಪಕಾರ ಆಗುತ್ತಿದೆ, ಅದನ್ನು ನಾನು ಒಪ್ಪಿದೆ. ಹದಿನೆಂಟು ಸಾವಿರ ಅವನು ಟಿಕೆಟ್ ಹಣಕ್ಕೆ ಸೇರಿಸಿಕೊಳ್ಳಲಿ. ರಜೆಗೆ ಎರಡು ತಿಂಗಳು ಮುಂಚೆ ಅರ್ಜಿ ಹಾಕಿ ನೋಡಲಿ. ಮಗು ಕೂರುವುದನ್ನು ಕಲಿಯುವ ಮೊದಲು ಬಂದರೆ ಇನ್ನೂ ಒಳ್ಳೆಯದು.

ಈಗ ದಿನಾ ಸಂಜೆ ಮಗಳು ಕೂಸನ್ನು ಆ ಕುರ್ಚಿಯಲ್ಲಿ ಕೂರಿಸಿ ಎದುರಿಗೆ ಫೋನ್ ಹಿಡಿಯುತ್ತಾಳೆ. ಅಪ್ಪನ ದನಿ ಕೇಳಿದರೆ ಕಾಲು ಬಡಿಯುತ್ತದೆ, ಕುರ್ಚಿ ಆಡುತ್ತದೆ. ಕಣ್ಣು ಮುಚ್ಚುತ್ತ ಬಂದರೆ ಅವಳು ಫೋನ್ ಇಟ್ಟು ಎತ್ತಿಕೊಳ್ಳುತ್ತಾಳೆ. ನಾಲ್ಕು ತಿಂಗಳಾದ ಮೇಲೆ ಆ ಕುರ್ಚಿ ನಮ್ಮ ಓಣಿಯಲ್ಲಿ ಇನ್ನೊಬ್ಬರ ಮನೆಗೆ ಹೋಗಲಿದೆ. ಅವರಿಗೆ ಈಗಲೇ ಹೇಳಿಟ್ಟಿದ್ದೇನೆ: ನೆಲದ ಮೇಲೆ ಮಾತ್ರ.